ತಾತನ ಪ್ಲೇಟಿನ ಹಾಡು

೧೧ ಮೇ, ಭಾನುವಾರ. ಹೊಳೆನರಸೀಪುರ.

ಕಟ್ಟಾಯದ ಮದುವೆಯಲ್ಲಿ ಇವತ್ತು ಕ್ಲಾರಿನೆಟ್ ಬಾಯಿಂದ ಇಳಿಸಬೇಕಾಯಿತು. ಸಿಟ್ಟು ಇನ್ನೂ ಇಳಿದಿಲ್ಲ.

ಹೆಣ್ಣು ಹಸೆಗೆ ಬರುವಾಗ ನಮ್ಮ ಬ್ಯಾಂಡ್‌ಸೆಟ್ಟು ಮೂರು ತಲೆಮಾರಿನಿಂದ ನುಡಿಸುವುದು ಒಂದೇ ಹಾಡು. ತಾತ ಗ್ರಾಮಫೋನ್ ಪ್ಲೇಟು ಕೇಳಿ ಕಲಿತದ್ದು. ಜನ ಲಕ್ಷ್ಮಿಯ ಹಾಡೆಂದು ಕೈಮುಗಿದರು. ತಾತ ಅಲ್ಲ ಎನ್ನಲಿಲ್ಲ, ಅಪ್ಪನೂ ಎನ್ನಲಿಲ್ಲ.

ಇವತ್ತು ಗಂಡಿನ ಅಣ್ಣ ಸುದರ್ಶನ್ ಅದನ್ನು ಮೊಬೈಲಿಗೆ ಕೇಳಿಸಿ ಪತ್ತೆಮಾಡಿದ. ನೂರು ವರ್ಷಕ್ಕೂ ಹಿಂದಿನ ಅಮೆರಿಕದ ಹಾಡಂತೆ.

"ನಿಲ್ಸಯ್ಯ! ಯಾವನೋ ಪರಂಗಿ ಹುಡ್ಗೀನ ದೋಣಿ ಸವಾರಿಗೆ ಕರ್ಯೋ ಹಾಡು ಇದು. ದೇವ್ರದ್ದಲ್ಲ."

ಕರೆದರೆ ಏನೀಗ? ಹಸೆಗೆ ಕರೆಯುವುದೂ ಕರೆಯುವುದೇ ತಾನೆ?

ಆದರೂ ನಿಲ್ಲಿಸಿದೆ. ಹೆಣ್ಣು ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಅಜ್ಜಿ ಚಿಕ್ಕಲಕ್ಷ್ಮಮ್ಮ ಕೋಲು ಕುಟ್ಟಿದರು. "ಊದ್ಲಾ! ನಾನೂ ಇದೇ ಆಡಿಗೆ ಅಸೆಗೆ ಬಂದೋಳು ಕಣ್ಲಾ. ನಿಮ್ ತಾತನೇ ಊದಿದ್ದ."

ಊದಿದೆ. ಸುದರ್ಶನನ ಮುಖ ನೋಡಿಕೊಂಡೇ ಎರಡು ಸಲ ಊದಿದೆ.

ನಾಳೆ ಅರಕಲಗೂಡಿನ ಮದುವೆ. ಊದುವ ಮುಂಚೆ ನಾನೇ ಕೂಗಿ ಹೇಳುತ್ತೇನೆ, ಇದು ಅಮೆರಿಕದ ಪ್ರೇಮದ ಹಾಡು ಎಂದು. ಆಮೇಲೂ ಕೈಮುಗಿಯುವವರು ಮುಗಿಯಲಿ.