ಇಪ್ಪತ್ತೊಂದು ಟಿಕ್ ಮಾರ್ಕ್

ಜೂನ್ 3, ಮಂಗಳವಾರ

ಕೆಳದವಡೆಯ ಹಲ್ಲಿನ ಸೆಟ್ಟು ಮತ್ತೆ ವಾಪಸ್. ಕಟ್ಟಿಸಿಕೊಂಡ ಅಜ್ಜನಿಗೆ ಒತ್ತುತ್ತದಂತೆ. ಅಳತೆ ತಪ್ಪಿದ್ದು ಡಾಕ್ಟರದು, ಬೈಗುಳ ಮಾತ್ರ ನಮ್ಮ ಡೆಂಟಲ್ ಲ್ಯಾಬಿಗೆ. ಬೆಳಗ್ಗೆಯೆಲ್ಲ ಉಜ್ಜಿದೆ. ಮೂಗಿನೊಳಗೆ ಇನ್ನೂ ಪ್ಲಾಸ್ಟರ್ ಪುಡಿ.

ಎರಡು ಗಂಟೆಗೆ ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಫೋನು. ಗೂಬೆ ಆಗಲೇ ಗೇಮಿನ ಕೋಟೆ ಬಾಗಿಲಲ್ಲಿ ನಿಂತಿದ್ದ. ನಮ್ಮ ಟೀಮಿನಲ್ಲಿ ಗಾಯ ವಾಸಿ ಮಾಡುವವನು ಅವನು. ನಾನು ಮುಂದೆ ನುಗ್ಗುವವಳು. ನಮ್ಮ ಚರ್ಚ್ ಸಭೆಯ ವ್ಯಾನ್ ಡ್ರೈವರ್ ಬಿಲ್ಲುಗಾರ. ಮೂರು ವರ್ಷವಾಯಿತು, ಗೂಬೆಯ ನಿಜವಾದ ಹೆಸರು ಗೊತ್ತಿಲ್ಲ, ಊರೂ ಗೊತ್ತಿಲ್ಲ. ಲಕ್ವ ಹೊಡೆದು ಬಲಭಾಗ ಹೋಗಿದೆ, ತಂಗಿಯ ಮನೆಯಲ್ಲಿದ್ದಾನೆ, ಎಡಗೈಯಲ್ಲೇ ಟೈಪ್ ಮಾಡುತ್ತಾನೆ... ಗೊತ್ತಿರುವುದು ಅಷ್ಟೇ.

"ಹಲ್ಲಮ್ಮಾ, ಐದು ನಿಮಿಷ ಲೇಟು. ಇವತ್ತು ಸತ್ರೆ ಎಬ್ಬಿಸಲ್ಲ."

ಎಬ್ಬಿಸಿದ. ಎರಡು ಸಲ.

ಲಾಗಿನ್ ಸ್ಟ್ರೀಕ್ 412 ದಿನ. ಒಂದು ದಿನವೂ ತಪ್ಪಿಲ್ಲ. ಅಣ್ಣನಿಗೆ ಹೇಳಿದರೆ "ಪ್ರಾರ್ಥನೇಲಿ ಇಷ್ಟು ನಿಷ್ಠೆ ಇದ್ದಿದ್ರೆ" ಎಂದು ಶುರು ಮಾಡುತ್ತಾನೆ. ಹೇಳಲಿಲ್ಲ.

ಜೂನ್ 5, ಗುರುವಾರ

ಇವತ್ತು ಕೋಟೆಯಲ್ಲಿ ಯುದ್ಧವಿಲ್ಲ. ಗೂಬೆಯಿಂದ ಒಂದೊಂದೇ ಅಕ್ಷರ ಬಂತು.

"ನನಗೋಸ್ಕರ ಪ್ರಾರ್ಥನೆ ಮಾಡ್ತೀನಿ ಅಂತೀರಲ್ಲ. ಅದನ್ನ ನಾನೇ ಮಾಡೋದು ಹೇಗೆ? ನಮ್ಮನೇಲಿ ಯಾರಿಗೂ ಅಭ್ಯಾಸ ಇಲ್ಲ."

ಮೂರು ವರ್ಷ ನಾನು ಒತ್ತಾಯ ಮಾಡಿರಲಿಲ್ಲ, ತಾನಾಗಿ ಕೇಳಿದ. ಗಂಟೆ ಮೂರಾಗಿತ್ತು. ಇಂಥದ್ದನ್ನು ಗಡಿಬಿಡಿಯಲ್ಲಿ ಕಲಿಸಬಾರದು. ಕ್ರಮವಾಗಿ ಕೂರಿಸಿ ಹೇಳಬೇಕು. ನಾಳೆ ಎಂದೆ. ನಾಳೆ ಎಂಟು ಹಲ್ಲಿನ ಕ್ಯಾಪ್ ಡೆಲಿವರಿ ಇದೆ. ನಾಡಿದ್ದಾದರೂ ಸರಿ.

ಜೂನ್ 8, ಭಾನುವಾರ

ಇವತ್ತಿನಿಂದ ಸಭೆಯಲ್ಲಿ ಇಪ್ಪತ್ತೊಂದು ದಿನದ ಉಪವಾಸ ಪ್ರಾರ್ಥನೆ. ಊಟವನ್ನೇ ಬಿಡಬೇಕೆಂದಿಲ್ಲ, ಯಾವುದು ನಿಮ್ಮನ್ನು ಕಟ್ಟಿಹಾಕಿದೆಯೋ ಅದನ್ನು ಬಿಡಿ ಎಂದರು ಪಾಸ್ಟರ್. ಒಬ್ಬೊಬ್ಬರೇ ಎದ್ದು ಹೇಳಿದರು. ಕಾಫಿ. ಸೀರಿಯಲ್. ಸಿಗರೇಟು. ನಾನು "ಮೊಬೈಲ್ ಗೇಮ್" ಎಂದೆ. ಕಿಸಕ್ಕನೆ ನಕ್ಕರು. ನಲವತ್ತನಾಲ್ಕು ವರ್ಷದ ಸಂಡೇ ಸ್ಕೂಲ್ ಟೀಚರಲ್ಲವೇ. ಅಣ್ಣ ಸಭೆಯ ಹಿರಿಯರಲ್ಲೊಬ್ಬ. ತಲೆ ತಗ್ಗಿಸಿ ಕೂತ. ನನಗೆ ರೋಷ ಬಂತು. ನಾನೊಬ್ಬಳೇ ಅಲ್ಲ ಎಂದು ಕೊನೇ ಬೆಂಚಿನ ವ್ಯಾನ್ ಡ್ರೈವರ್ ಕಡೆ ಕೈ ತೋರಿಸಿಬಿಟ್ಟೆ. ಪಾಪ, ಅವನೂ ಎದ್ದು ನಿಂತು ಬಿಡ್ತೀನಿ ಎಂದ. ಚಪ್ಪಾಳೆ.

ಗೋಡೆಗೆ ದೊಡ್ಡ ಚಾರ್ಟ್. ಪ್ರತಿ ಹೆಸರಿನ ಮುಂದೆ ಇಪ್ಪತ್ತೊಂದು ಚೌಕ. ದಿನಾ ಸಂಜೆ ಬಂದು ಟಿಕ್ ಹಾಕಬೇಕು.

ಏನು ಬಿಡುವುದೆಂದು ಮೊದಲೇ ನಿಶ್ಚಯಿಸಿ ಗೂಬೆಗೆ ನಿನ್ನೆಯೇ ತಿಳಿಸಿದ್ದೆ. "ಪ್ರಾರ್ಥನೆ ಕಲಿಸ್ತೀನಿ ಅಂದಿದ್ರಿ" ಎಂದ. ಬಂದ ಮೇಲೆ ನಿಧಾನವಾಗಿ ಎಂದೆ.

"ಸರಿ, ಹೋಗಿ ಬನ್ನಿ. ಕೋಟೆ ಎಲ್ಲಿಗೂ ಓಡಿಹೋಗಲ್ಲ. ನಾನೂ ಓಡಲ್ಲ, ಓಡೋಕೆ ಕಾಲಿದ್ರೆ ತಾನೆ."

ಜೂನ್ 11, ಬುಧವಾರ

ಎರಡು ಗಂಟೆಯಾದರೆ ಹೆಬ್ಬೆರಳು ತಾನಾಗಿ ಅಲ್ಲಾಡುತ್ತದೆ. ಡಬ್ಬಿ ಮುಂದಿಟ್ಟುಕೊಂಡು ಗೋಡೆ ನೋಡುತ್ತಾ ಉಂಡೆ. ಸಂಜೆ ನಾಲ್ಕನೇ ಟಿಕ್. ಕಾಫಿ ಬಿಟ್ಟವರು ಆಗಲೇ ಮಣ್ಣು ಮುಕ್ಕಿದ್ದಾರೆ. ನಗು ಬಂತು.

ಜೂನ್ 19, ಗುರುವಾರ

ವ್ಯಾನ್ ಡ್ರೈವರ್ ಲ್ಯಾಬಿಗೇ ಬಂದ. ಕೈಯಲ್ಲಿ ಮೇಣ ಕರಗಿಸುವ ಚಮಚ, ಮುಂದೆ ಉರಿ. ಕೂರು ಎನ್ನಲೂ ಆಗಲಿಲ್ಲ.

"ಟೀಚರ್, ನಾನು ಸೋತೆ. ಮೊನ್ನೆ ಗೇಮ್ ಒಳಗೆ ಹೋಗ್ಬಿಟ್ಟೆ."

"ಒಂಬತ್ತು ದಿನ ಕಷ್ಟಪಟ್ಟಿದ್ದೆಲ್ಲ ನೀರುಪಾಲು ಮಾಡ್ಕೊಂಡ್ಯಲ್ಲೋ."

"ಬಯ್ಯಿರಿ. ಆದ್ರೆ ಕೇಳಿ. ಗೂಬೆ ಆಸ್ಪತ್ರೆ ಸೇರಿದಾರೆ. ನಿಮ್ಮನ್ನೇ ಕೇಳ್ತಿದ್ರು. ಐದು ನಿಮಿಷ ಗೇಮ್ ಒಳಗೆ ಹೋಗಿ ಬನ್ನಿ."

"ನೀನು ಮಾತಾಡಿದ್ಯಲ್ಲ, ಸಾಕು."

"ಪ್ರಾರ್ಥನೆ ಹೇಳ್ಕೊಡು ಅಂದ್ರು. ನಂಗೆಲ್ಲಿ ಬರುತ್ತೆ? ನಾನು ಸ್ಟೇರಿಂಗ್ ಹಿಡಿಯೋನು. ಟೀಚರ್ ಬರ್ತಾರೆ ಅಂದೆ."

ಸೈತಾನ ಸ್ನೇಹಿತರ ವೇಷದಲ್ಲೇ ಬರೋದು ಎಂದುಬಿಟ್ಟೆ. ಅವನ ಮುಖ ಸಪ್ಪಗಾಯಿತು. "ಇನ್ನು ಆ ಕಡೆ ತಲೆ ಹಾಕಲ್ಲ ಟೀಚರ್" ಎಂದು ಹೊರಟುಹೋದ. ಹಾಗೆ ಅನ್ನಬಾರದಿತ್ತು. ಮೇಣ ಸೀದುಹೋಗಿತ್ತು.

ಜೂನ್ 20, ಶುಕ್ರವಾರ

ತಡೆಯಲಾಗದೆ ಪಾಸ್ಟರನ್ನು ಕೇಳಿದೆ. ಕುರ್ಚಿ ಜೋಡಿಸುತ್ತಿದ್ದರು.

"ಬಾವಿಗೆ ಬಿದ್ದ ದನಾನ ಎತ್ತೋಕೆ ವಾರ ನೋಡ್ತಾರೇನಮ್ಮ? ಹೋಗಿ ಮಾತಾಡು. ಚಾರ್ಟಲ್ಲಿ ಒಂದು ಚೌಕ ಖಾಲಿ ಬಿಡು, ಆಕಾಶ ಏನೂ ಕಳಚಿ ಬೀಳಲ್ಲ."

ಖಾಲಿ ಬಿಡಬೇಕು. ಗೋಡೆಯ ಮುಂದೆ ಹೋಗಿ ನಿಂತೆ. ಎಲ್ಲರ ಸಾಲಲ್ಲೂ ತೂತು. ನನ್ನದೊಂದೇ ಉದ್ದಕ್ಕೂ ಭರ್ತಿ. ಅಣ್ಣ ಬಂದವರಿಗೆಲ್ಲ ತೋರಿಸುತ್ತಾನೆ, "ನಮ್ಮ ತಂಗೀದು ನೋಡಿ." ಅವತ್ತು ನಕ್ಕವರು ಈಗ ನಗುವುದಿಲ್ಲ. ಇನ್ನೆಂಟೇ ದಿನ. ಗೂಬೆ ಮೂರು ವರ್ಷ ಸುಮ್ಮನಿದ್ದವನು, ಎಂಟು ದಿನ ಕಾಯಲಾರನೇ?

ಟಿಕ್ ಹಾಕಿದೆ. ಮನೆಗೆ ಬಂದು ಅವನಿಗಾಗಿ ಮೊಣಕಾಲೂರಿ ಪ್ರಾರ್ಥಿಸಿದೆ. ಅರ್ಧ ಗಂಟೆ. ಅದು ಐದು ನಿಮಿಷದ ಮಾತಿಗಿಂತ ಹೆಚ್ಚಲ್ಲವೇ... ಹೆಚ್ಚೇ.

ಜೂನ್ 23, ಸೋಮವಾರ

"ಮಾತಾಡಿದ್ಯಾ?" ಎಂದು ಕೇಳಿದರು ಪಾಸ್ಟರ್. ಹ್ಞೂಂ ಎಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು. ಚಾರ್ಟಿನ ಕಡೆ ಅವರು ನೋಡಲಿಲ್ಲ. ನೋಡಿದ್ದರೆ ಗೊತ್ತಾಗುತ್ತಿತ್ತು.

ಜೂನ್ 28, ಶನಿವಾರ

ಇಪ್ಪತ್ತೊಂದು. ಇಡೀ ಸಭೆಯಲ್ಲಿ ಪೂರ್ತಿ ಸಾಲು ನನ್ನದೊಂದೇ. ನಾಳೆ ಆರಾಧನೆಯಲ್ಲಿ ಎಲ್ಲರ ಮುಂದೆ ನಿಂತು ನನ್ನ ಅನುಭವದ ಸಾಕ್ಷಿ ಹೇಳಬೇಕಂತೆ. ಅಣ್ಣ ಫೋನಿನಲ್ಲಿ ನೆಂಟರಿಗೆಲ್ಲ ಡಂಗುರ ಹೊಡೆಯುತ್ತಿದ್ದಾನೆ.

ಗೂಬೆಗೆ ಪ್ರಾರ್ಥನೆಯ ಪಾಠ ತಯಾರಿಸಿದೆ. ಪೀಠಿಕೆ, ವಿವರಣೆ ಎಲ್ಲ ಸೇರಿ ಮೂರು ಪುಟ.

ಜೂನ್ 29, ಭಾನುವಾರ, ಬೆಳಗ್ಗೆ 6.10

ಗೇಮ್ ತೆರೆದೆ. "ಮತ್ತೆ ಸ್ವಾಗತ. ಸ್ಟ್ರೀಕ್: 1 ದಿನ." ಕೋಟೆಯಲ್ಲಿ ಯಾರೂ ಇಲ್ಲ. ಮೆಸೇಜ್ ಆರು. ಇದ್ದಂತೆಯೇ ಇಲ್ಲಿ ಬರೆದಿಡುತ್ತೇನೆ.

ಜೂನ್ 10 — ಹಲ್ಲಮ್ಮಾ, ನೀವು ಇಲ್ಲ ಅಂತ ಗೊತ್ತು. ಸುಮ್ನೆ ಬರೆದೆ. ಕೋಟೆ ಕ್ಷೇಮ.

ಜೂನ್ 14 — ಆಸ್ಪತ್ರೆ. ಎದೇಲಿ ನೀರಂತೆ. ಜಗಳ ಆಡಿ ಟ್ಯಾಬ್ ತರಿಸ್ಕೊಂಡೆ.

ಜೂನ್ 17 — ವ್ಯಾನ್ ಬಂದಿದ್ದ. ನೀವು ಬರ್ತೀರಂತೆ. ದೊಡ್ಡ ಪಾಠ ಬೇಡ. ಒಂದು ಸಾಲು ಸಾಕು.

ಜೂನ್ 21 — ನಾನು ಇವರ ತಂಗಿ. ಅಣ್ಣನಿಗೆ ಮಾತು ನಿಂತಿದೆ. ದಿನಾ ಎರಡು ಗಂಟೆಗೆ ಟ್ಯಾಬ್ ಕಡೆ ಬೆರಳು ತೋರಿಸ್ತಾನೆ. ಮುಂದೆ ಹಿಡಿದು ಕೂರ್ತೀನಿ. ಯಾರೂ ಬರಲ್ಲ. ಹಲ್ಲಮ್ಮ ಅಂದ್ರೆ ನೀವೇನಾ? ಏನೋ ಹೇಳ್ಕೊಡ್ತೀನಿ ಅಂದಿದ್ರಂತೆ. ನನಗಾದ್ರೂ ಹೇಳಿ, ನಾನು ಅವನ ಕಿವೀಲಿ ಹೇಳ್ತೀನಿ.

ಜೂನ್ 24 — ಇವತ್ತೂ ಹಿಡಿದಿದ್ದೆ.

ಜೂನ್ 26 — ಇನ್ನು ಬೇಡ.

8.20

ಗೂಬೆಯ ತಂಗಿಗೆ ಏನು ಬರೆಯಲಿ? ನಾಲ್ಕು ಸಲ ಟೈಪ್ ಮಾಡಿ ಅಳಿಸಿದೆ.

ನಮ್ಮಣ್ಣನಿಗೆ ತೋರಿಸಿದೆ. ಓದಿದ. ಫೋನು ವಾಪಸ್ ಕೊಟ್ಟ.

"ದೇವರ ಚಿತ್ತ. ಮುಖ ಪರಿಚಯಾನೂ ಇಲ್ಲದವನು. ಇದನ್ನೆಲ್ಲ ಅಲ್ಲಿ ಹೇಳಕ್ಕೆ ಹೋಗ್ಬೇಡ. ಎರಡು ನಿಮಿಷದ ಸಾಕ್ಷಿ, ಬರ್ಕೊಂಡು ಬಾ."

ನಾನು ಆಟ ಬಿಟ್ಟಿರಲೇ ಇಲ್ಲ. ಒಂದು ಸ್ಟ್ರೀಕ್ ಬಿಟ್ಟು ಇನ್ನೊಂದನ್ನು ಹಿಡಿದೆ. ಅದಕ್ಕೆ ದೇವರ ಹೆಸರಿಟ್ಟೆ. ಫೋನಿನ ಆಟದಲ್ಲಾದರೂ ಬಿದ್ದವನನ್ನು ಕಾಯಲು ಹಿಂದಕ್ಕೆ ಓಡುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

9.05

ಸಾಕ್ಷಿ. "ಕರ್ತನ ಕೃಪೆಯಿಂದ ಇಪ್ಪತ್ತೊಂದು ದಿನ ಒಮ್ಮೆಯೂ ಎಡವದೆ" — ಹೊಡೆದುಹಾಕಿದೆ. ಮತ್ತೆ.

"ಒಬ್ಬ ಮನುಷ್ಯ ಸಾಯುವ ಮುಂಚೆ ನನ್ನ ಹತ್ತಿರ ಒಂದು ಸಾಲು ಕೇಳಿದ. ಪಾಸ್ಟರ್ ಹೋಗು ಎಂದರು. ಹೋದೆ ಎಂದು ಅವರಿಗೆ ಸುಳ್ಳು ಹೇಳಿದೆ. ಹೋಗು ಎಂದು ಬೇಡಿದವನನ್ನು ಸೈತಾನ ಎಂದೆ. ಆ ಮನುಷ್ಯ ಟ್ಯಾಬ್ ನೋಡುತ್ತಾ ಮಲಗಿದ್ದ ದಿನಗಳಲ್ಲಿ ನಾನು ಈ ಗೋಡೆಗೆ ಟಿಕ್ ಹಾಕುತ್ತಿದ್ದೆ. ಅವನು ಕೇಳಿದ ಸಾಲು ಕಷ್ಟದ್ದಲ್ಲ. ಇಲ್ಲಿರುವ ಚಿಕ್ಕ ಮಗುವಿಗೂ ಬರುತ್ತದೆ. ಅದು ಹೀಗೆ ಶುರುವಾಗುತ್ತದೆ. ಕರ್ತನೇ..."