ತೊಳೆದ ಗಾಡಿ

ಮಾರ್ಚ್ 3, ಸೋಮವಾರ. ಮಧ್ಯಾಹ್ನ 1.

ಬೆಳಿಗ್ಗೆಯಿಂದ ಮೂರು ಹೆಣ. ರೈಲ್ವೆ ಗೇಟಿನ ಹತ್ತಿರ ಎಮ್ಮೆ, ಆಸ್ಪತ್ರೆಯ ಹಿಂದೆ ಎರಡು ನಾಯಿ. ಎಮ್ಮೆ ಊದಿತ್ತು. ನಾನು ಗಾಡಿಯ ವಿಂಚಿನ ಹಗ್ಗ ಕಟ್ಟಿ ಎಳೆದೆ, ಭಾವ ಹಿಂದೆ ನಿಂತು ಹಲಗೆಯ ಮೇಲೆ ಹತ್ತಿಸಿದರು. ಊರಾಚೆಯ ಗುಂಡಿ, ಸುಣ್ಣ, ಮಣ್ಣು. ಕೈ ತೊಳೆದು ಊಟಕ್ಕೆ ಕೂತರೆ ಅಕ್ಕ ಕಾಗದ ಹಿಡಿದು ನಿಂತಿದ್ದಳು.

ವಿಮೆ ಕಂಪನಿಯದು. ಪಿಕಪ್ಪಿನ ಪಾಲಿಸಿ 15ಕ್ಕೆ ಮುಗಿಯುತ್ತದೆ. ‘ಈ ಬಗೆಯ ಬಳಕೆಯ ವಾಹನಗಳಿಗೆ’ ಇನ್ನು ರಿನ್ಯೂವಲ್ ಇಲ್ಲವಂತೆ. ಎಂಟು ವರ್ಷ ಕಟ್ಟಿಸಿಕೊಂಡರು. ಒಂದೂ ಕ್ಲೇಮ್ ಕೇಳಿದವರಲ್ಲ ನಾವು.

ಹೆಲ್ತ್ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದೆ. ನಗರಸಭೆಯಿಂದ ನಮಗೆ ಕೆಲಸ ಹೇಳುವವನು ಅವನೇ. “ಪಾಲಿಸಿ ಕಾಪಿ ಇಲ್ದಿದ್ರೆ ಹದಿನಾರರಿಂದ ಕೆಲಸ ಇಲ್ಲ. ಕ್ರೇನ್ ಇಟ್ಕೊಂಡಿರೋನು ಬಾಗಿಲಲ್ಲೇ ಕಾಯ್ತಾ ಇದಾನೆ.”

ಒಂದೂವರೆ ಟನ್ ಹೊರುವ ಗಾಡಿ. ಅಕ್ಕನ ಹೆಸರಲ್ಲಿದೆ. ಅದು ನಿಂತರೆ ಮನೆ ನಿಂತ ಹಾಗೆ.

ನಮ್ಮ ಕೆಲಸಗಾರರ ಸಂಘದ ಮೇಷ್ಟ್ರು ಕಲಿಸಿದ್ದು: ಯಾರು, ಏನಂದರು, ಎಷ್ಟು ಗಂಟೆಗೆ — ಬರೆದಿಡು. ನಾಳೆ ‘ನಾವು ಹೇಳಿಯೇ ಇಲ್ಲ’ ಅನ್ನುತ್ತಾರೆ. ಬರೆಯುತ್ತಿದ್ದೇನೆ.

ಮಾರ್ಚ್ 5

ಆಫೀಸುಗಳ ಬೀದಿ. ಮೊದಲ ಕಂಪನಿ. ಕೌಂಟರಿನ ಹುಡುಗಿ ಫ್ಯಾನನ್ನು ನಮ್ಮ ಕಡೆ ತಿರುಗಿಸಿದಳು. ನಮಗೆ ಗಾಳಿಯಾಗಲಿ ಎಂದಲ್ಲ.

“ಗಾಡೀಲಿ ಏನ್ ಸಾಗಿಸ್ತೀರಾ?”

“ಸತ್ತ ಪ್ರಾಣಿ.”

ಕಂಪ್ಯೂಟರಿನಲ್ಲಿ ಹುಡುಕಿದಳು. ನಮ್ಮ ಕೆಲಸ ಅದರ ಪಟ್ಟಿಯಲ್ಲಿಲ್ಲ. ಊರಿಗೆ ಬೇಕು, ಪಟ್ಟಿಗೆ ಬೇಡ. ಕೊನೆಗೆ ‘ಅಪಾಯಕಾರಿ ಸರಕು’ ಎಂದು ಹಾಕಿದಳು — ಆಸಿಡ್, ಪೆಟ್ರೋಲು, ಗ್ಯಾಸಿನ ಸಾಲಿಗೆ. ಪ್ರೀಮಿಯಂ ಮೂರು ಪಟ್ಟು.

“ಎಮ್ಮೆ ಏನು ಸಿಡಿಯುತ್ತೇನಮ್ಮಾ?” ಅಂದೆ.

ಭಾವ ಬಾಯಿ ಹಾಕಿದರು: “ಸಿಡಿಯುತ್ತೆ ಕಣೋ ಬಾಮೈದ. ಆದ್ರೆ ಇವರ ಮೇಲಲ್ಲ, ನಮ್ಮ ಮೇಲೆ.”

ಹುಡುಗಿ ನಗಲಿಲ್ಲ. ಅರ್ಜಿ ತುಂಬಲು ಕೊಟ್ಟ ಪೆನ್ನನ್ನು ವಾಪಸ್ ನೀಡಿದೆ. “ಇಟ್ಕೊಳ್ಳಿ, ಪರವಾಗಿಲ್ಲ” ಎಂದು ಕೈ ಹಿಂದೆಳೆದುಕೊಂಡಳು.

ಈಗ ಬರೆಯುತ್ತಿರುವುದು ಅದರಲ್ಲೇ. ಚೆನ್ನಾಗಿ ಓಡುತ್ತದೆ.

ಮಾರ್ಚ್ 7

ಏಜೆಂಟ್ ಒಬ್ಬನ ಫೋನು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. “ತರಕಾರಿ ಅಂತ ಬರೆಸಿ. ಅರ್ಧಕ್ಕರ್ಧ ಕಡಿಮೆಗೆ ಮಾಡಿಸ್ತೀನಿ. ಯಾರು ಬಂದು ನೋಡ್ತಾರೆ?”

ಅಕ್ಕ: “ಬರೆಸು ತಮ್ಮ. ಹೊಟ್ಟೆಗೆ ಹಿಟ್ಟಿಲ್ದಾಗ ಯಾವ ಸತ್ಯ?”

ಭಾವ: “ತರಕಾರೀನೇ ಅಲ್ವಾ? ಒಂಚೂರು ಬಾಡಿದೆ ಅಷ್ಟೆ.”

ನಕ್ಕೆವು. ಆಮೇಲೆ ಜಗಳ. ನಾನು ಒಪ್ಪಲಿಲ್ಲ. ನಾಳೆ ಏನಾದರೂ ಆದರೆ ಮೊದಲು ಕೇಳುವುದೇ ‘ತರಕಾರಿ ಎಲ್ಲಿ?’ ಎಂದು. ಸುಳ್ಳಿಗೆ ಅಗ್ಗ, ನಿಜಕ್ಕೆ ಮೂರು ಪಟ್ಟು. ಈ ದರ ನಿಗದಿ ಮಾಡಿದವರು ಯಾರು? ಅವರ ಮನೆಯ ಮುಂದೆ ಏನೂ ಸಾಯುವುದಿಲ್ಲವೆ?

ಮಾರ್ಚ್ 10. ಸಂಜೆ.

ಸಿಕ್ಕಿತು!

ಅದೇ ಬೀದಿ, ಎರಡನೇ ಮಹಡಿ, ಸಣ್ಣ ಕಂಪನಿ. ಅಲ್ಲಿನ ಮೇಡಂ ಕುರ್ಚಿ ತೋರಿಸಿ ಕೂರಿಸಿದರು. ಬರೆದದ್ದು ನಿಜವನ್ನೇ — ‘ಸತ್ತ ಪ್ರಾಣಿಗಳ ಸಾಗಣೆ’. ಪ್ರೀಮಿಯಂ ಹಳೆಯದಕ್ಕಿಂತ ಕೊಂಚ ಮೇಲೆ. ಕಟ್ಟಬಹುದು. ಡ್ರೈವರ್ ಜೊತೆಗೆ ಒಬ್ಬ ಕೆಲಸಗಾರನಿಗೂ ರಕ್ಷಣೆ. ಕೈಕಾಲು ಹೋದರೆ ಇಷ್ಟು, ಜೀವ ಹೋದರೆ ಇಷ್ಟು. ಅಕ್ಕ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿದಳು.

ಒಂದೇ ಷರತ್ತು. 13ಕ್ಕೆ ಸರ್ವೇಯರ್ ಬಂದು ಗಾಡಿ ನೋಡಬೇಕು. ಹೊರಡುವಾಗ ಮೇಡಂ ದನಿ ತಗ್ಗಿಸಿ, “ಸ್ವಲ್ಪ ಕ್ಲೀನಾಗಿ ಇಟ್ಟಿರಿ. ನಮ್ಮ ಸರ್ವೇಯರಿಗೆ ವಾಸನೆ ಆಗಲ್ಲ” ಎಂದರು.

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಮಾರ್ಚ್ 12

ಎರಡು ದಿನ ಬರೀ ತೊಳೆಯುವುದೇ. ಹೆಲ್ತ್ ಇನ್ಸ್‌ಪೆಕ್ಟರ್ ಎರಡು ಸಲ ಕರೆದ, ಗಾಡಿ ರಿಪೇರಿ ಅಂದೆ, ಬೈದ.

ಭಾವನಿಗೆ ವಾಸನೆ ತಿಳಿಯುವುದಿಲ್ಲ. ಇಪ್ಪತ್ತು ವರ್ಷದ ಈ ಕೆಲಸ ಕಿತ್ತುಕೊಂಡದ್ದು ಅದನ್ನೇ ಮೊದಲು. ಹೂವೂ ಒಂದೇ, ಹೆಣವೂ ಒಂದೇ. ಹಾಗಾಗಿ ಎಲ್ಲಿಗೆ ನಿಲ್ಲಿಸಬೇಕೆಂಬುದು ಗೊತ್ತಾಗಲಿಲ್ಲ. ಬ್ಲೀಚಿಂಗ್ ಪೌಡರ್, ಫಿನಾಯಿಲ್, ಮತ್ತೆ ಬ್ಲೀಚಿಂಗ್. ಐದೈದು ನಿಮಿಷಕ್ಕೆ — “ಹೋಯ್ತಾ? ಈಗ ನೋಡು, ಹೋಯ್ತಾ?”

“ಹೋಯ್ತು ಭಾವ.”

“ನನ್ನ ಸಮಾಧಾನಕ್ಕೆ ಹೇಳ್ಬೇಡ.”

ತಂತಿ ಬ್ರಷ್ ಹಿಡಿದು ಹಿಂದಿನ ಬಾಡಿಯ ತಗಡನ್ನು ಕೆರೆದರು. ಎಂಟು ವರ್ಷದ ತುಕ್ಕು, ಕಲೆ, ಒರಟು — ಎಲ್ಲ ಹೋಯಿತು. ಅಕ್ಕ ಎರಡು ಕೋಟು ಬಣ್ಣ ಬಳಿದಳು. ನೀಲಿ. ಕನ್ನಡಿಯ ಹಾಗೆ ಹೊಳೆಯುತ್ತಿದೆ.

“ಮದುವೆಯಲ್ಲೂ ನನ್ನನ್ನ ಇಷ್ಟು ಸಿಂಗಾರ ಮಾಡಿರಲಿಲ್ಲ ಕಣ್ರೀ” ಎಂದಳು ಅಕ್ಕ. ಭಾವ ನಾಚಿದರು.

ಮಾರ್ಚ್ 13. ಬೆಳಿಗ್ಗೆ 11.

ಸರ್ವೇಯರ್ ಬಂದದ್ದು 10.05ಕ್ಕೆ. ಮೂಗಿಗೆ ಕರ್ಚೀಫ್ ಒತ್ತಿಕೊಂಡೇ ಬೈಕಿನಿಂದ ಇಳಿದ. ದೂರ ನಿಂತ. ಮೆಲ್ಲಗೆ ಕರ್ಚೀಫ್ ಸರಿಸಿದ. ಮೂಸಿದ. ಹತ್ತಿರ ಬಂದ. ಮತ್ತೆ ಮೂಸಿದ.

ಭಾವ ಕೈ ಮುಗಿದು ನಿಂತಿದ್ದರು. “ವಾಸನೆ ಬರುತ್ತಾ ಸಾರ್?”

“ಬರಲ್ಲ. ಅದೇ ಪ್ರಾಬ್ಲಂ.”

ಬಣ್ಣವನ್ನು ಉಗುರಲ್ಲಿ ಕೆರೆದ. ಅಡಿಗೆ ಬಗ್ಗಿ ಫೋಟೋ ಹೊಡೆದ. “ಯಾವತ್ತು ಪೇಂಟ್ ಮಾಡಿಸಿದ್ರಿ? ಯಾಕೆ? ತಗಡು ಕೆರೆಯೋಕೆ ಏನಾಗಿತ್ತು? ಪಾಲಿಸಿ ಮುಗಿಯೋ ವಾರದಲ್ಲೇ ಯಾಕೆ?”

“ನಿಮಗೋಸ್ಕರ ತೊಳೆದ್ವಿ ಸಾರ್” ಎಂದರು ಭಾವ.

“ನನಗೋಸ್ಕರ?” ನಕ್ಕ. ಬರೆದ. ನಾನು ಹೆಗಲ ಮೇಲಿನಿಂದ ಓದಿದೆ: ‘ಅಪಘಾತದ ಗುರುತು ಅಳಿಸಿರುವ ಶಂಕೆ.’

ಹೋದ. 10.20.

ಮಾರ್ಚ್ 14

ಅರ್ಜಿ ತಿರಸ್ಕೃತ. ಮೇಡಂ ಫೋನ್ ಎತ್ತುತ್ತಿಲ್ಲ.

ಹುಟ್ಟಿದಂದಿನಿಂದ ಹೇಳಿದರು — ತೊಳೆದುಕೊಂಡು ಬಾ, ಆಮೇಲೆ ಒಳಗೆ ಬಾ. ಶಾಲೆಯಲ್ಲಿ ಹೇಳಿದರು, ಹೋಟೆಲಿನಲ್ಲಿ ಹೇಳಿದರು. ತೊಳೆದುಕೊಂಡು ಬಂದೆವು, ಚರ್ಮ ಸುಲಿಯುವ ಹಾಗೆ. ಈಗ ಕೇಳುತ್ತಾರೆ: ಏನು ಮುಚ್ಚಿಡುತ್ತಿದ್ದೀರಿ? ಕೊಳೆ ಇದ್ದರೆ ಹೊಲಸು. ಇಲ್ಲದಿದ್ದರೆ ಕಳ್ಳ. ಥೂ.

ಭಾವ ಉಂಡಿಲ್ಲ. ಉಗುರಿನ ಸಂದಿಯ ನೀಲಿ ಬಣ್ಣವನ್ನು ಕಡ್ಡಿಯಲ್ಲಿ ತೆಗೆಯುತ್ತ ಕೂತಿದ್ದಾರೆ. “ನನಗೆ ಮೂಗು ನೆಟ್ಟಗಿದ್ದಿದ್ರೆ ಒಂದೇ ಸಲಕ್ಕೆ ನಿಲ್ಲಿಸ್ತಿದ್ದೆ.”

ಅಕ್ಕ: “ಸುಮ್ನೆ ಉಣ್ರೀ.”

ಮಾರ್ಚ್ 17, ಸೋಮವಾರ. ಬೆಳಿಗ್ಗೆ 9.45.

ಪಾಲಿಸಿ ಸತ್ತು ಎರಡು ದಿನ. ಕ್ರೇನಿನವನ ಆಳುಗಳು ನಿನ್ನೆ ಮೊದಲ ಹಸು ನೋಡಿಯೇ ವಾಂತಿ ಮಾಡಿಕೊಂಡು ಓಡಿದರಂತೆ.

9.40ಕ್ಕೆ ಹೆಲ್ತ್ ಇನ್ಸ್‌ಪೆಕ್ಟರ್: “ಆಫೀಸುಗಳ ಬೀದೀಲಿ ಜಟಕಾ ಕುದುರೆ ಸತ್ತಿದೆ. ಬಂದು ಎತ್ತು ಮಾರಾಯ. ಪಾಲಿಸಿ ಕಥೆ ನಾನು ನೋಡ್ಕೋತೀನಿ.”

“ಬರೆದುಕೊಡಿ ಸಾರ್.”

“ಬಾಯಿ ಮಾತಿಗೆ ಬೆಲೆ ಇಲ್ವೇನೋ?”

“ಇದ್ದಿದ್ರೆ ಬರೆದು ಕೊಡ್ತಿದ್ರಿ.”

ಫೋನ್ ಇಟ್ಟ. ಪಕ್ಕದಲ್ಲೇ ಇದ್ದ ಭಾವ ಕೇಳಿಸಿಕೊಂಡರು. ನಾನು ಸಂಘದ ಆಫೀಸಿಗೆ. ಸರ್ವೇಯರ್ ಮೇಲೆ ದೂರು ಬರೆಸಬೇಕು.

ಮಾರ್ಚ್ 18

ಭಾವನ ಫೋನಿನಲ್ಲಿ ಹೆಲ್ತ್ ಇನ್ಸ್‌ಪೆಕ್ಟರನ ಕರೆ: ನಿನ್ನೆ 9.52. ಮೂರು ನಿಮಿಷ.

ಗಾಡಿ ಓಡಿಸಿಕೊಂಡು ಒಬ್ಬರೇ ಹೋಗಿದ್ದಾರೆ. ಇಬ್ಬರ ಕೆಲಸ ಅದು. ಕುದುರೆಯನ್ನು ಹಲಗೆಯ ಮೇಲೆ ಹತ್ತಿಸಿ, ವಿಂಚಿನಲ್ಲಿ ಬಾಡಿಯೊಳಗೆ ಎಳೆದು, ಹಗ್ಗ ಸಡಿಲಿಸಿ, ಅದರ ಕಾಲು ಒಳಗೆ ಸೇರಿಸಲು ಹಿಂದೆ ಬಂದಿದ್ದಾರೆ. ಎಂಟು ವರ್ಷ ಹಾಗೇ ಮಾಡಿದ್ದು. ಆ ಒರಟು ತಗಡಿನ ಮೇಲೆ ಹೆಣ ಕಚ್ಚಿಕೊಂಡು ಕೂರುತ್ತಿತ್ತು. ಈಗ ತಗಡು ಕನ್ನಡಿ.

ಜಾರಿತು. ಪೂರ್ತಿ ಕುದುರೆ, ಅವರ ಮೇಲೆ.

ಸುತ್ತ ನೂರು ಜನ. ಮುಟ್ಟಿ ಸರಿಸಿದವರು ಯಾರೂ ಇಲ್ಲ. ನಮ್ಮ ಓಣಿಯವರು ಓಡಿಬರುವಷ್ಟರಲ್ಲಿ ಮುಕ್ಕಾಲು ಗಂಟೆ.

ಸೊಂಟದ ಮೂಳೆ ಪುಡಿ. ಒಳಗೆ ರಕ್ತ. ಪ್ರಜ್ಞೆ ಬಂದಾಗ ನರ್ಸನ್ನು ಕೇಳಿದ್ದು ಒಂದೇ — “ನನ್ನಿಂದ ವಾಸನೆ ಬರ್ತಿದೆಯೇನಮ್ಮಾ?”

ಮಾರ್ಚ್ 19

ಭಾವ ಬೆಳಿಗ್ಗೆ 6.30ಕ್ಕೆ ಹೋದರು.

ಹೆಲ್ತ್ ಇನ್ಸ್‌ಪೆಕ್ಟರ್ 8ಕ್ಕೆ: “ನಾನು ಅವನಿಗೆ ಫೋನೇ ಮಾಡಿಲ್ಲ.”

ಸಂಜೆ ಮಣ್ಣು ಮಾಡಿದೆವು. ಗುಂಡಿ ತೋಡಿದ್ದು ನಾನೇ. ಅಳತೆ ತಪ್ಪಿತು. ನನ್ನ ಕೈಗೆ ಗೊತ್ತಿರುವುದು ದೊಡ್ಡ ಗುಂಡಿ.

ಮಾರ್ಚ್ 20. ಬೆಳಿಗ್ಗೆ 10.

ಆಫೀಸುಗಳ ಬೀದಿ. ಫುಟ್‌ಪಾತಿನಲ್ಲಿ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಅಕ್ಕ. ಹಿಂದೆ ನಮ್ಮ ಓಣಿ ಪೂರ್ತಿ, ಸಂಘದವರು. ಎದುರಿಗೆ ನೀಲಿ ಗಾಡಿ, ಅದರ ಹಿಂದೆ ನಾಲ್ಕು ದಿನದ ಕುದುರೆ. ಯಾರೂ ಎತ್ತಬಾರದು ಎಂದು ಸಂಘ ಎಲ್ಲ ಓಣಿಗೂ ಹೇಳಿ ಕಳಿಸಿದೆ. ಯಾರೂ ಎತ್ತಿಲ್ಲ.

9.10ಕ್ಕೆ ಪೊಲೀಸರು: ಗಾಡಿ ತೆಗೀರಿ. ನಾನು: ಪಾಲಿಸಿ ಇಲ್ಲದ ಗಾಡಿ ರಸ್ತೆಗಿಳಿಯಬಾರದು ಸಾರ್, ಕಾನೂನು.

9.30ಕ್ಕೆ ಹೆಲ್ತ್ ಇನ್ಸ್‌ಪೆಕ್ಟರ್, ಎರಡು ಮಾಸ್ಕ್ ಹಾಕಿಕೊಂಡು: “ಏನ್ ಕೇಳಿದ್ರೂ ಮಾಡಿಸ್ತೀನಮ್ಮ. ತಡೆಯೋಕಾಗ್ತಿಲ್ಲ.”

ಅಕ್ಕ: “ವಾಸನೆ ಬರ್ತಿದೆಯಾ ಸಾರ್? ಬರಲಿ.”

ಬೀದಿಯ ಕಿಟಕಿಗಳೆಲ್ಲ ಮುಚ್ಚಿವೆ. ಎರಡನೇ ಮಹಡಿಯದೂ.

10.15.

ಎರಡನೇ ಮಹಡಿಯ ಮೇಡಂ ಇಳಿದು ಬಂದರು. ಕಣ್ಣು ಕೆಂಪಾಗಿದೆ. ಕೈಯಲ್ಲಿ ಪಾಲಿಸಿ. ಹಳೆಯ ಪ್ರೀಮಿಯಂ, ಇವತ್ತಿನಿಂದಲೇ ಜಾರಿ, ತಪಾಸಣೆ ಬೇಡವಂತೆ. ಹತ್ತು ನಿಮಿಷದಲ್ಲಿ ಮಾಡಿದ್ದಾರೆ. ಡ್ರೈವರ್ ಜೊತೆಗೆ ಒಬ್ಬ ಕೆಲಸಗಾರನಿಗೂ ರಕ್ಷಣೆ — ಆ ಸಾಲೂ ಇದೆ. ಅಕ್ಕ ಓದು ಎಂದಳು. ಓದಿದೆ. ಇನ್ನೊಂದು ಸಲ ಎಂದಳು.

“ಇಲ್ಲೊಂದು ಸೈನ್ ಮಾಡಿಬಿಡಿ” ಎಂದರು ಮೇಡಂ.

ಅಕ್ಕ ಕಾಗದ ಮಡಚಿ ಮಡಿಲಲ್ಲಿಟ್ಟುಕೊಂಡಳು. “ತಪಾಸಣೆ ಯಾಕೆ ಬೇಡ? ಆಗ್ಲಿ. ನಿಮ್ಮ ಸರ್ವೇಯರ್ ಇಳಿದು ಬರ್ಲಿ. ಗಾಡಿ ಹತ್ರ ನಿಂತು ನೋಡ್ಲಿ. ಈಗ ವಾಸನೆ ಬರುತ್ತೆ, ಪ್ರಾಬ್ಲಂ ಇಲ್ಲ.”

10.32.

ಇಳಿದು ಬಂದ. ಮೆಟ್ಟಿಲ ಮೇಲೇ ನಿಂತಿದ್ದಾನೆ. ಮೂಗಿಗೆ ಅದೇ ಕರ್ಚೀಫ್. ಓಣಿ ಪೂರ್ತಿ ಎದ್ದು ನಿಂತಿದೆ. ಅಕ್ಕ ಸೈನಿಗೆ ಪೆನ್ನು ಕೇಳುತ್ತಿದ್ದಾಳೆ — ಇದೊಂದೇ ಪೆನ್ನು ನನ್ನಲ್ಲಿ — ತಡಿ ಅಕ್ಕ, ಇದೊಂದು ಬರೆದು ಕೊಡುತ್ತೇನೆ. 10.34. ಅಕ್ಕ ಹೇಳಿದ್ದು: “ಕರ್ಚೀಫ್ ತೆಗೀರಿ ಸಾರ್.” ಅವನು —