ಚಿನ್ನು ಯಾರ ನಾಯಿ

ಅರಕೆರೆ
ಸೋಮವಾರ, ೧೮ ನವೆಂಬರ್ ೨೦೨೪

ಪ್ರೀತಿಯ ಸಿದ್ದಲಿಂಗಮ್ಮನಿಗೆ ನಿನ್ನ ಪುಟ್ಟಲಕ್ಷ್ಮಿ ಮಾಡುವ ನಮಸ್ಕಾರಗಳು.

ದಸರೆಗೆ ಮುಂಚೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಆದರೆ ಪೂರ್ತಿ ಓದಿ ಆಮೇಲೆ ಬೈದುಕೋ. ನಿನ್ನ ಮಗಳು ಸ್ನೇಹಳನ್ನು ನನ್ನ ಮಗ ಮಹದೇವನಿಗೆ ತಂದುಕೊಂಡ ದಿನದಿಂದ ಜನರೆದುರು ನಿನ್ನನ್ನು ‘ನೀವು’, ‘ಬೀಗರು’ ಎಂದು ಕರೆದು ನನ್ನ ನಾಲಿಗೆ ಸೋತಿದೆ. ಕಾಗದದಲ್ಲಾದರೂ ನೀನು ನನಗೆ ಪಾಂಡವಪುರದಲ್ಲಿ ಒಂದೇ ರೂಮಿನಲ್ಲಿದ್ದು ಟೀಚರ್ ಟ್ರೈನಿಂಗ್ ಓದಿದ ಸಿದ್ದಿಯೇ. ನಿನ್ನ ಮಂಡಿನೋವು ಹೇಗಿದೆ? ಆದಿಚುಂಚನಗಿರಿ ಆಸ್ಪತ್ರೆಗೆ ಹೋಗಿ ಬಂದೆಯೆಂದು ಸ್ನೇಹ ಹೇಳಿದಳು. ಇಲ್ಲಿ ಭತ್ತ ಕುಯಿಲಿಗೆ ಬಂದಿದೆ, ಕಬ್ಬು ಸಾಗಿಸುವ ಗಲಾಟೆಯೂ ಶುರುವಾಗಿದೆ. ಮಹದೇವ ಟ್ರಾಕ್ಟರು ಬಿಟ್ಟು ಇಳಿಯುವುದೇ ಅಪರೂಪ.

ಕೈಯಲ್ಲಿ ಫೋನಿರುವಾಗ ಕಾಗದವೇಕೆ ಎನ್ನುತ್ತೀಯ. ನಾನು ಫೋನ್ ಹಿಡಿದು ಜಗಲಿಯಲ್ಲಿ ಕೂತರೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಗುತ್ತದೆ. ನಿನ್ನ ಮಗಳು ಕಿವಿಗೊಟ್ಟು ಕೇಳುತ್ತಾಳೆ ಎಂದು ನನ್ನ ಗುಮಾನಿ. ಈ ಕಾಗದವೋ ಅವಳ ಮೇಲಿನ ದೂರೇ. ವಿಷಯ ಇಷ್ಟು: ನಮ್ಮ ಚಿನ್ನುವಿನ ಪಕ್ಕೆಲುಬನ್ನು ಯಾರೋ ಮುರಿದಿದ್ದಾರೆ. ನಿಮ್ಮ ಮನೆಯಿಂದಲೇ ಸ್ನೇಹಳ ಮಡಿಲಲ್ಲಿ ಮರಿಯಾಗಿ ಬಂದ ನಾಯಿ ಅದು, ನಿನಗೂ ಹೊಟ್ಟೆ ಉರಿಯುತ್ತದೆ ಎಂದು ಗೊತ್ತು. ಯಾರು ಮುರಿದರು ಎಂಬುದು ಸ್ನೇಹಳಿಗೆ ತಿಳಿದಿದೆ, ಬಾಯಿ ಬಿಡುತ್ತಿಲ್ಲ. ಅದನ್ನು ತಿಳಿಯುವ ತನಕ ನನಗೆ ಊಟ ಸೇರುವುದಿಲ್ಲ.

ಮೊದಲಿನಿಂದ ಹೇಳುತ್ತೇನೆ. ಕಳೆದ ತಿಂಗಳು ಊರಿಗೊಂದು ಬಿಳಿ ವ್ಯಾನು ಬಂತು. ಅದರಿಂದ ಇಳಿದವಳು ಡಾಕ್ಟರ್ ಅನು, ನಾಗಮಂಗಲದ ಕಡೆಯ ಹುಡುಗಿ, ಪಶುವೈದ್ಯೆ. ಮನೆಯಲ್ಲಿ ಸಾಕಿದ ನಾಯಿಗಳ ಆರೋಗ್ಯ ಹೇಗಿದೆ, ನಾಯಿಗೂ ಸಾಕಿದವರಿಗೂ ಇರುವ ನಂಟು ಎಂಥದು, ಒಬ್ಬರ ಕಷ್ಟಸುಖ ಇನ್ನೊಬ್ಬರ ಮೈಗೆ ತಾಗುತ್ತದೆಯೇ ಎಂದು ಸಂಶೋಧನೆ ಮಾಡುತ್ತಾಳಂತೆ. ನಮ್ಮ ತಾಲ್ಲೂಕಿನಲ್ಲಿ ಅರಕೆರೆಯನ್ನೇ ಆರಿಸಿಕೊಂಡಿದ್ದಾಳೆ. ಹಸುವಿನ ಸಂಶೋಧನೆಯಾದರೆ ಹಾಲಾದರೂ ಹೆಚ್ಚುತ್ತದೆ. ನಾಯಿಯ ಪ್ರೀತಿ ಅಳೆದು ಯಾರಿಗೇನು ಸಿಗುತ್ತದೆ ಹೇಳು. ಗುರುತಿನ ಚೀಟಿ ತೋರಿಸಮ್ಮ ಎಂದೆ. ತೋರಿಸಿದಳು. ಫೋಟೊದಲ್ಲಿ ಕನ್ನಡಕವಿಲ್ಲ, ಎದುರಿಗೆ ಕನ್ನಡಕವಿದೆ. ಅದನ್ನೂ ಕೇಳಿದೆ. “ಓದಿ ಓದಿ ಬಂತಮ್ಮ” ಎಂದು ನಕ್ಕಳು. ನಗುವವರ ಮೇಲೆ ನನಗೆ ಅನುಮಾನ ಇನ್ನೂ ಜಾಸ್ತಿ. ಮೂವತ್ತು ವರ್ಷ ಮೇಷ್ಟರಗಿರಿ ಮಾಡಿದ್ದೇನೆ, ಕಾಪಿ ಹೊಡೆದವನು ಮೊದಲು ನಗುತ್ತಾನೆ.

ಅವಳು ಹತ್ತಿ ಸುತ್ತಿದ ಕಡ್ಡಿಯಿಂದ ನಾಯಿಯ ಜೊಲ್ಲು ತೆಗೆಯುತ್ತಾಳೆ, ಸಾಕಿದವರ ಜೊಲ್ಲನ್ನೂ ತೆಗೆಯುತ್ತಾಳೆ. ಭಯ, ನೆಮ್ಮದಿ ಎಲ್ಲ ಅದರಲ್ಲಿ ಗೊತ್ತಾಗುತ್ತದಂತೆ. ಓದಿದವಳಾಗಿ ನಾನು ಹೀಗೆ ಹೇಳಬಾರದು, ಆದರೂ ನಮ್ಮ ಎಂಜಲು ಹೊತ್ತುಕೊಂಡು ಹೋಗಿ ಏನು ಮಾಡುತ್ತಾರೋ ಎಂದು ಎರಡು ದಿನ ಕಸಿವಿಸಿಪಟ್ಟೆ.

ಮೊದಲ ದಿನ ಅವಳು ಕೇಳಿದ್ದು, “ಇದು ಯಾರ ನಾಯಿ ಅಮ್ಮ?” ನಾನು ಥಟ್ಟನೆ ಹೇಳಿದೆ, ಮಹದೇವಸ್ವಾಮಿಯದು. ಇನ್ನೇನು ಹೇಳಲಿ? ಗದ್ದೆ ಅವನ ಹೆಸರಿಗಿದೆ, ಹಸು ಅವನ ಹೆಸರಿಗಿದೆ, ಗ್ಯಾಸೂ ಅವನ ಹೆಸರಿಗಿದೆ. ನಾಯಿಗೆ ಮಾತ್ರ ಬೇರೆ ಯಜಮಾನರಿರುತ್ತಾರೆಯೇ. ಚಿನ್ನುವಿಗೆ ಮುದ್ದೆ ಕಲಸಿ ಹಾಕುವವಳು ಸ್ನೇಹ, ಮೈಯ ಉಣ್ಣೆಹುಳು ಕೀಳುವವಳು ಸ್ನೇಹ, ಅದು ಮಲಗುವುದೂ ಸ್ನೇಹ ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಆದರೂ ಅವಳು ಬಾಗಿಲ ಬಳಿ ನಿಂತು ಸುಮ್ಮನೆ ಕೇಳಿಸಿಕೊಂಡಳು, ನನ್ನದು ಎನ್ನಲಿಲ್ಲ. ಹಾಗಾಗಿ ಪರೀಕ್ಷೆಗೆ ಹೋಗಿ ಕೂರುವ ಪಾಳಿ ಮಹದೇವನಿಗೆ ಬಂತು.

ಪರೀಕ್ಷೆ ನಡೆದದ್ದು ಸಮುದಾಯ ಭವನದಲ್ಲಿ. ನಾಯಿಯನ್ನು ಗುರುತಿಲ್ಲದವರ ಜೊತೆ ಸ್ವಲ್ಪ ಹೊತ್ತು ಬಿಡುತ್ತಾರೆ, ಆಮೇಲೆ ಯಜಮಾನರು ಒಳಗೆ ಬರುತ್ತಾರೆ, ನಾಯಿ ಏನು ಮಾಡುತ್ತದೆ ನೋಡುತ್ತಾರೆ. ಗುರುತಿಲ್ಲದವನಾಗಿ ಕೂತಿದ್ದವನು ಆ ವ್ಯಾನಿನ ಡ್ರೈವರು. ಊರಿನ ಬೇರೆ ನಾಯಿಗಳೆಲ್ಲ ಯಜಮಾನರನ್ನು ಕಂಡೊಡನೆ ಬಾಲ ಆಡಿಸಿ ಮೈಮೇಲೆ ಹಾರಿದವು. ನಮ್ಮ ಚಿನ್ನು ಡ್ರೈವರ ಕಾಲ ಬಳಿ ಆರಾಮಾಗಿ ಕೂತಿತ್ತು. ಮಹದೇವ ಒಳಗೆ ಕಾಲಿಟ್ಟ, ಅದು ಬೆಂಚಿನ ಕೆಳಗೆ ನುಗ್ಗಿ ಮುದುಡಿಕೊಂಡು ಅಲ್ಲೇ ಉಚ್ಚೆ ಮಾಡಿಕೊಂಡಿತು. ಮಹದೇವ ಗಟ್ಟಿಯಾಗಿ ನಕ್ಕ. “ಅದಕ್ಕೆ ನಾಚ್ಕೆ ಕಣ್ರೀ ಮೇಡಂ, ಮನೇಲೂ ಇಂಗೇ” ಎಂದ. ಎಲ್ಲರೂ ನಕ್ಕರು. ಅನು ನಗಲಿಲ್ಲ.

ನಾನು ಅಲ್ಲಿಯೇ ಅವಳನ್ನು ತರಾಟೆಗೆ ತೆಗೆದುಕೊಂಡೆ. ನಮ್ಮ ನಾಯಿಗೆ ಏನು ತಿನ್ನಿಸಿದೆ, ಯಾವ ವಾಸನೆ ತೋರಿಸಿದೆ, ಸಾಧುವಾಗಿದ್ದ ಪ್ರಾಣಿಯನ್ನು ಹೆದರಿಸಿಟ್ಟಿದ್ದೀಯಲ್ಲ ಎಂದೆ. ಅವಳು ಚಿನ್ನುವನ್ನು ವ್ಯಾನಿಗೆ ಎತ್ತಿಕೊಂಡು ಹೋದಳು. ಅದರೊಳಗೇ ಎಕ್ಸ್‌ರೇ ಇದೆ, ಎಲ್ಲ ನಾಯಿಗಳಿಗೂ ತೆಗೆಯುತ್ತಾರೆ. ಆಮೇಲೆ ನನ್ನೊಬ್ಬಳನ್ನೇ ಕರೆದು ತೋರಿಸಿದಳು. ಎಡಗಡೆ ಎರಡು ಎಲುಬು ಮುರಿದು ಕೂಡಿಕೊಂಡಿವೆ. “ಒಂದೇ ಸಲ ಆಗಿರೋದಲ್ಲಮ್ಮ ಇದು. ಒಂದು ಹಳೇದು, ಒಂದು ಈಚಿನದು” ಎಂದಳು. ಮಾತ್ರೆ ಕೊಟ್ಟಳು. ಬೈಕಿಗೆ ಸಿಕ್ಕಿರಬೇಕು ಎಂದೆ. “ಎರಡು ಸಲಾನೂ ಅದೇ ಜಾಗಕ್ಕೆ ಸಿಗುತ್ತಾ ಅಮ್ಮ?” ಎಂದು ಕೇಳಿದಳು.

ನನಗೆ ಪಕ್ಕದ ಮನೆಯ ಕುಳ್ಳಯ್ಯನ ಮೇಲೆ ಅನುಮಾನ ಬಂತು. ಅವನ ಕೋಳಿಗಳಿಗೂ ನಮ್ಮ ನಾಯಿಗೂ ಹಿಂದೆ ಒಮ್ಮೆ ಜಗಳವಾಗಿತ್ತು. ನೇರವಾಗಿ ಅವನ ಹಿತ್ತಿಲಿಗೆ ಹೋಗಿ ನಿಂತು, ನಮ್ಮ ನಾಯಿಗೆ ಹೊಡೆದೆಯಾ ಎಂದೆ. ಅವನು ಕುಯ್ಯುತ್ತಿದ್ದ ಹುಲ್ಲು ಕೆಳಗಿಟ್ಟು ಹೇಳಿದ, “ನಿಮ್ ನಾಯಿ ನನ್ ಕೋಳಿ ತಂಟೆಗೇ ಬರಾಕಿಲ್ಲ ಟೀಚರಮ್ಮ. ಅದು ಇಲ್ಲಿಗ್ ಬರಾದು ಅವುತ್ಕಳಕ್ಕೆ. ನಿಮ್ ಟ್ರಾಕ್ಟ್ರು ಸದ್ದಾದ್ರೆ ಸಾಕು, ಓಡ್ಬಂದು ಸೌದೆ ಗುಡ್ಡೆ ಇಂದೆ ಸೇರ್ಕತದೆ. ನಾನ್ಯಾಕ್ ಒಡೀಲಿ?”

ತಪ್ಪು ಮಾಡಿದವನು ಇನ್ನೊಬ್ಬರ ಕಡೆ ಬೆರಳು ತೋರಿಸುವುದನ್ನು ನಾನು ಕ್ಲಾಸಿನಲ್ಲಿ ಎಷ್ಟು ನೋಡಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಆದರೆ ಟ್ರಾಕ್ಟರಿನ ಮಾತು ತಲೆಯಲ್ಲಿ ಉಳಿದುಕೊಂಡಿತು. ಸಂಜೆ ಮಹದೇವ ಬರುವ ಹೊತ್ತಿಗೆ ಹಿತ್ತಿಲ ಬಾಗಿಲಲ್ಲಿ ನಿಂತೆ. ಗೇಟಿನ ಹತ್ತಿರ ಸದ್ದಾಯಿತು. ಚಿನ್ನು ಎದ್ದು ಬೇಲಿ ನುಸುಳಿ ಹೋಯಿತು. ಟ್ರಾಕ್ಟರಿನ ಸದ್ದಿಗೆ ನಾಯಿಗಳು ಹೆದರುವುದು ಇದ್ದದ್ದೇ, ಅದರಲ್ಲೇನಿದೆ?

ಮೊನ್ನೆ ಶನಿವಾರ ಅನು ಮತ್ತೆ ಬಂದಳು. ಮಹದೇವ ಮನೆಯಲ್ಲಿರಲಿಲ್ಲ. ಬಂದವಳು ಸ್ನೇಹಳ ಜೊತೆ ಹೊಂಗೆ ಮರದ ಕೆಳಗೆ ನಿಂತು ಮೆಲ್ಲಗೆ ಮಾತಾಡುತ್ತಿದ್ದಳು. ನಾನು ಕಾಫಿ ಹಿಡಿದು ಹತ್ತಿರ ಹೋದೆ, ಇಬ್ಬರೂ ಮಾತು ನಿಲ್ಲಿಸಿದರು. ಆಮೇಲೆ ಅನು ಜಗಲಿಗೆ ಬಂದು ನನ್ನ ಪಕ್ಕ ಕೂತು ಹೇಳಿದಳು, “ಅಮ್ಮ, ನಾಯಿಗೆ ಇಂಥ ಪೆಟ್ಟು ಬಿದ್ದಿರೋ ಮನೇಲಿ ನಾವು ಇನ್ನೊಂದು ಪ್ರಶ್ನೆ ಕೇಳಲೇಬೇಕು. ಬೇರೆ ಕಡೆ ಮಾಡಿರೋ ಸಂಶೋಧನೆಗಳಲ್ಲಿ, ನಾಯಿಗೆ ಹೊಡೆಯೋ ಕೈ ಅಲ್ಲಿಗೇ ನಿಲ್ಲದೆ ಇರೋದು ಕಂಡುಬಂದಿದೆ. ಈ ಮನೇಲಿ ಯಾರಾದ್ರೂ ನಿಮ್ಮ ಮೇಲೆ ಕೈ ಮಾಡ್ತಾರಾ?”

ಸಿದ್ದಿ, ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಮಗ ನನಗೆ ಒಂದು ದಿನ ಎದುರಾಡಿದವನಲ್ಲ. ಅವರಪ್ಪ ಹೋದ ಮೇಲೆ ನನ್ನ ಬಿಪಿ ಮಾತ್ರೆ ಮುಗಿಯುವುದು ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ನಾಯಿ ನೋಡಲು ಬಂದವಳು ನಾಯಿ ನೋಡಿಕೊಂಡು ಹೋಗು, ಮನೆ ಒಡೆಯಬೇಡ ಎಂದು ಹೇಳಿ ಕಳಿಸಿದೆ. ಅವಳು ಕಾಫಿ ಪೂರ್ತಿ ಕುಡಿಯದೆ ಎದ್ದು ಹೋದಳು.

ಈಗ ನನ್ನ ಲೆಕ್ಕಾಚಾರ ಕೇಳು. ಯಾರೂ ಏನೂ ಹೇಳದೆ ಆ ಹುಡುಗಿಗೆ ಇಂಥ ಪ್ರಶ್ನೆ ಹೊಳೆಯುವುದಿಲ್ಲ. ಮಹದೇವನಿಗೆ ಕೋಪ ಜಾಸ್ತಿ, ಒಪ್ಪುತ್ತೇನೆ. ಕಬ್ಬಿನ ಕೆಲಸದವರ ಮೇಲೆ ರೇಗುತ್ತಾನೆ, ತಟ್ಟೆ ತಳ್ಳುತ್ತಾನೆ. ಅದನ್ನೇ ಸ್ನೇಹ ಉಪ್ಪುಖಾರ ಹಚ್ಚಿ ಹೇಳಿರಬೇಕು. ಒಂದು ವರ್ಷದಿಂದ ಅವಳ ರೀತಿಯೇ ಬೇರೆಯಾಗಿದೆ. ಕೇಳಿದ್ದಕ್ಕೆ ಒಂದು ಮಾತು, ಇಲ್ಲದಿದ್ದರೆ ಅದೂ ಇಲ್ಲ. ಎಲ್ಲ ಮಾತೂ ಆ ನಾಯಿಯ ಜೊತೆ. ತವರಿಗೆ ಹೋಗಿ ಎರಡು ದಿನ ಇದ್ದು ಬಾ ಎಂದು ನಾನೇ ಹೇಳಿದರೂ ಒಲ್ಲೆ ಎನ್ನುತ್ತಾಳೆ. ನಿನ್ನ ಮೇಲೂ ಮುನಿಸೋ ಏನೋ, ನೀನೇ ಹೇಳಬೇಕು. ಮನೆಯ ಮಾತು ವ್ಯಾನಿನವರ ಹತ್ತಿರ ಆಡಬಾರದೆಂದು ಅವಳಿಗೆ ನೀನೊಮ್ಮೆ ಬುದ್ಧಿ ಹೇಳು. ಗೆಳತಿಯಾಗಿ ಕೇಳುತ್ತಿದ್ದೇನೆ, ಬೀಗಿತ್ತಿಯಾಗಿ ಅಲ್ಲ.

ಮಂಡಿಗೆ ಬಿಸಿ ಉಪ್ಪಿನ ಶಾಖ ಕೊಡು, ಮೆಟ್ಟಿಲು ಹತ್ತಬೇಡ. ನಿನ್ನ ಮನೆಯವರಿಗೆ ನಮಸ್ಕಾರ ತಿಳಿಸು. ಎಲ್ಲರನ್ನೂ ದೇವರು ಚೆನ್ನಾಗಿಟ್ಟಿರಲಿ, ನಿನಗೆ ನೂರು ವರ್ಷ ನಡೆಯುವ ಕಾಲು ಕೊಡಲಿ.

ನಿನ್ನ
ಪುಟ್ಟಲಕ್ಷ್ಮಿ

ವಿ.ಸೂ. ಮಂಗಳವಾರ ಮಧ್ಯಾಹ್ನ.

ಸಿದ್ದಿ, ಮೇಲೆ ಬರೆದದ್ದನ್ನು ಹರಿದುಹಾಕಿ ಬೇರೆ ಬರೆಯಲು ಹೊತ್ತಿಲ್ಲ. ಕವರಿಗೆ ಅಂಟು ಹಚ್ಚುವ ಮುಂಚೆ ಆ ಡಾಕ್ಟರು ಹೇಳಿದ್ದು ಸುಳ್ಳೆಂದು ನನಗೆ ನಾನೇ ತೋರಿಸಿಕೊಳ್ಳಬೇಕೆನಿಸಿತು. ಬೆಳಿಗ್ಗೆ ಎಣ್ಣೆ ಬಿಸಿ ಮಾಡಿ ಸ್ನೇಹಳನ್ನು ಕರೆದೆ. ಮದುವೆಯಾದ ಹೊಸದರಲ್ಲಿ ಮಂಗಳವಾರ ಶುಕ್ರವಾರ ನಾನೇ ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದೆ. ಈಚೆಗೆ ತಾನೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ. ಸೊಕ್ಕು ಎಂದುಕೊಂಡಿದ್ದೆ.

“ನಾನೇ ಅಚ್ಕತೀನಿ ಬುಡಿ ಅತ್ತೆ” ಎಂದಳು. ಬಿಡಲಿಲ್ಲ, ಕೂರಿಸಿದೆ. ತಲೆಗೆ ಹಚ್ಚಿ ಬೆನ್ನಿಗೆ ಕೈ ತಂದೆ. ಎಡಪಕ್ಕೆಗೆ ಕೈ ತಾಗಿದಾಗ ಅವಳ ಉಸಿರೇ ನಿಂತಂತಾಯಿತು. ರವಿಕೆ ಸರಿಸಿ ನೋಡಿದೆ. ಒಂದು ಪೆಟ್ಟಿನ ಕಲೆ ಹಳದಿಗೆ ತಿರುಗಿದೆ, ಅದರ ಮೇಲೆ ಇನ್ನೊಂದು, ಇನ್ನೂ ನೀಲಿ. ನಾಲೆಯ ಮೆಟ್ಟಿಲಲ್ಲಿ ಜಾರಿದೆ ಎಂದಳು. ಎರಡು ಸಲವೂ ಅಲ್ಲಿಗೇ ಬಿದ್ದೆಯಾ ಮಗಳೇ ಎಂದು ಕೇಳಿದೆ. ಆಗ ಅತ್ತಳು. ಸದ್ದು ಮಾಡದೆ ಅಳುವುದನ್ನು ಕಲಿತಿದ್ದಾಳೆ ನಿನ್ನ ಮಗಳು.

ನಿಮ್ಮವ್ವನ ಮನೆಗೆ ಯಾಕೆ ಹೋಗಲಿಲ್ಲ ಎಂದೆ. ಅವಳು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ. “ಓಯ್ತೀನಿ ಅಂದಿದ್ದೆ ಅತ್ತೆ. ಓಗು, ನೀನ್ ಬರೋ ಒತ್ಗೆ ನಾಯಿ ಇರಾಕಿಲ್ಲ ಅಂದ್ರು. ನಂಗೆ ಬೀಳೋ ಒದೆಗೆ ಅಡ್ಡ ಬಂದು ತಾನ್ ತಿಂದಿರೋ ಪ್ರಾಣಿ ಅದು. ಅದುನ್ನ ಬುಟ್ಬುಟ್ಟು ಎಂಗ್ ಓಗ್ಲಿ?” ಯಾರು ಎಂದು ಅವಳು ಹೆಸರು ಹಿಡಿದು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಈ ಮನೆಯಲ್ಲಿ ಇರುವುದು ಒಬ್ಬನೇ ಗಂಡಸು.

ಈಗಲೇ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗಿ ಇದನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ. ಫೋನ್ ಮಾಡಬೇಡ, ಅವಳ ಫೋನನ್ನು ಅವನು ದಿನವೂ ತೆಗೆದು ನೋಡುತ್ತಾನಂತೆ, ನನ್ನದನ್ನೂ ನೋಡುತ್ತಿರಬಹುದು. ಬರುವ ಸೋಮವಾರ ಅವನು ಕಬ್ಬಿನ ಲೋಡಿನ ಜೊತೆ ಫ್ಯಾಕ್ಟರಿಗೆ ಹೋಗುತ್ತಾನೆ, ಸಾಲಿನಲ್ಲಿ ನಿಂತರೆ ಸಂಜೆಯವರೆಗೆ ಬರುವುದಿಲ್ಲ. ಬೆಳಿಗ್ಗೆಯೇ ಕಾರು ಮಾಡಿಕೊಂಡು ಬಾ. ಚಿನ್ನುವನ್ನು ಮೊದಲು ಹತ್ತಿಸು, ಆಮೇಲೆ ಸ್ನೇಹ ತಾನೇ ಹತ್ತುತ್ತಾಳೆ. ನಿಮ್ಮ ಕೃಷ್ಣರಾಜಪೇಟೆಯಲ್ಲಿ ಮೊದಲು ಅವಳನ್ನು ಡಾಕ್ಟರಿಗೆ ತೋರಿಸು, ಪಕ್ಕೆಯ ಎಕ್ಸ್‌ರೇ ತೆಗೆಸು. ಅವನು ಬಂದು ಕಾಲಿಗೆ ಬಿದ್ದರೂ ಕಳಿಸಬೇಡ. ನಾನೇ ಬಂದು ಕೇಳಿದರೂ ಕಳಿಸಬೇಡ.

ನನ್ನನ್ನು ಕರೆಯಬೇಡ, ನಾನು ಬರುವುದಿಲ್ಲ. ಸಂಜೆ ಅವನು ಬಂದು ಸ್ನೇಹ ಎಲ್ಲಿ ಎಂದು ಕೇಳಿದಾಗ ನಾನೇ ಕಳಿಸಿದೆ ಎಂದು ಹೇಳಲು ಒಬ್ಬರು ಇರಬೇಕು. ಬೀದಿ ಬಾಗಿಲು ತೆರೆದಿಟ್ಟುಕೊಂಡು ಹೇಳುತ್ತೇನೆ. ಹೆತ್ತ ಮಗನ ಹತ್ತಿರ ಮಾತಾಡಲು ಬಾಗಿಲು ತೆರೆದಿರಬೇಕು ಎಂದು ನನಗೆ ಅನಿಸಿತಲ್ಲ ಸಿದ್ದಿ, ಅದನ್ನು ಯಾರ ಹತ್ತಿರ ಹೇಳಿಕೊಳ್ಳಲಿ.